ಹಲ್ಲಿನ ವ್ಯಾಜ್ಯವೂ ತೆರೆದ ಬಾಗಿಲೂ

ನನ್ನ ಮೇಲ್ಸಾಲಿನ ಹಲ್ಲುಗಳು ದೇವರು ಕೊಟ್ಟವಲ್ಲ, ಪೇಟೆಯ ಒಂದು ದಂತ ಚಿಕಿತ್ಸಾಲಯದವರು ಕಟ್ಟಿಕೊಟ್ಟವು. ಈ ಸಂಗತಿ ಮಣ್ಣಗುಡ್ಡದಲ್ಲಿ ನನಗೂ ನನ್ನ ಹೆಂಡತಿಗೂ ಹೊರತು ಇನ್ನಾರಿಗೂ ತಿಳಿಯದೆಂದು ನಾನು ಬಹುಕಾಲ ನಂಬಿದ್ದೆ.

ಪ್ರೌಢಶಾಲೆಯ ಕನ್ನಡ ಪಂಡಿತನಾಗಿ ನಿವೃತ್ತನಾದ ಮೇಲೆ, ಪ್ರತಿ ಶನಿವಾರ ಸಂಜೆ ನಮ್ಮ ಬೀದಿಯ ಭಜನಾಮಂದಿರದಲ್ಲಿ ಕಾವ್ಯ ಓದುವುದು ನನ್ನ ವ್ರತ. ಹೊಸ ಹಲ್ಲು ಕಟ್ಟಿಸಿದಂದಿನಿಂದ ಆ ವ್ರತಕ್ಕೊಂದು ವಿಘ್ನ ಒದಗಿತು. ‘ಶ’ ಬಂದಲ್ಲೆಲ್ಲ ಬಾಯಿಯಿಂದ ಸಣ್ಣದೊಂದು ಸೀಟಿ ಹೊರಡುತ್ತಿತ್ತು. ಈಶನನ್ನು ಕರೆದರೂ ಸೀಟಿ, ಶಾರದೆಯನ್ನು ಕರೆದರೂ ಸೀಟಿ. ಪರಮೇಶ್ವರನನ್ನು ಆಟೋರಿಕ್ಷಾದಂತೆ ಸೀಟಿ ಹೊಡೆದು ಕರೆಯುವುದು ಯಾವ ಶಾಸ್ತ್ರಕ್ಕೂ ಸಮ್ಮತವಲ್ಲ.

ಚಿಕಿತ್ಸಾಲಯದವರು ಮೂರು ಸಲ ಸೆಟ್ಟನ್ನು ಉಜ್ಜಿಕೊಟ್ಟರು. ನಾಲ್ಕನೆಯ ಸಲ ಹೋದಾಗ, ದೋಷ ಹಲ್ಲಿನದಲ್ಲ, ನಿಮ್ಮ ನಾಲಿಗೆಯದು ಎಂದುಬಿಟ್ಟರು. ಮೂರು ದಶಕ ಪರರ ಉಚ್ಚಾರಣೆ ತಿದ್ದಿದ ನಾಲಿಗೆಗೆ ಆ ಮಾತು ಬಿಸಿಗಂಜಿಯಂತೆ ತಾಗಿತು. ಹೊಸ ಸೆಟ್ಟು ಕಟ್ಟಿಕೊಡಬೇಕೆಂದು ಗ್ರಾಹಕ ಆಯೋಗಕ್ಕೆ ದೂರು ಬರೆದೆ. ಗೆಲ್ಲದಿದ್ದರೆ ಶನಿವಾರದ ಓದು ನಿಲ್ಲಬೇಕು. ಗೆಲ್ಲಹೊರಟರೆ ಗುಟ್ಟು ಬಯಲಾಗಬೇಕು. ನನ್ನ ಪಾಡು ಹಾಗಿತ್ತು.

ಗುಟ್ಟು ಕಾಯುವುದಕ್ಕೆ ನಾನೊಂದು ಉಪಾಯ ಹೂಡಿದೆ. ನಾಲ್ಕು ಪುಟಗಳ ದೂರಿನಲ್ಲಿ ‘ಹಲ್ಲು’ ಎಂಬ ಶಬ್ದವನ್ನು ಒಂದೆಡೆಯೂ ಬಳಸಲಿಲ್ಲ. ‘ವದನಾಂತರ್ಗತ ಸಾಧನ’ವೆಂದೇ ಬರೆದೆ. ಕಚೇರಿಯ ಗುಮಾಸ್ತೆ ಎರಡು ಪುಟ ಓದಿ ಕನ್ನಡಕ ಕಳಚಿದರು.

“ಎಂತ ಸ್ವಾಮಿ ಇದು? ಸಾಧನ ಅಂದ್ರೆ ಮಿಕ್ಸಿಯಾ, ಫ್ರಿಜ್ಜಾ?”

“ಅದಕ್ಕಿಂತ ಚಿಕ್ಕದು,” ಎಂದೆ.

“ಮೊಬೈಲಾ?”

ಹಿಂದೆ ಸಾಲಿನಲ್ಲಿ ಏಳೆಂಟು ಮಂದಿ ನಿಂತಿದ್ದರು. ನಾನು ಮಾತಾಡದೆ ಬಾಯಿ ತೆರೆದು ಬೆರಳಿನಿಂದ ತೋರಿಸಿದೆ. ಆಕೆ ಫೈಲಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ‘ಹಲ್ಲುಸೆಟ್’ ಎಂದು ಬರೆದು, ಸಾಲಿನವರಿಗೆಲ್ಲ ಕಾಣುವಂತೆ ಮೇಜಿನ ಮೇಲಿಟ್ಟರು.

ವಿಚಾರಣೆಯ ದಿನ ಬೆಳಗ್ಗೆ ಸಂಧ್ಯಾವಂದನೆ ಮುಗಿಸಿ ಏಳುವಾಗ ಹೆಂಡತಿ ಮೊಬೈಲು ಹಿಡಿದು ನಿಂತಿದ್ದಳು.

“ಇಲ್ಲಿ ನೋಡಿ. ಇವತ್ತಿನ ಪಟ್ಟಿಯಲ್ಲಿ ನಿಮ್ಮ ಹೆಸರು ಉಂಟು. ಲೋಕಕ್ಕೆಲ್ಲ ಕಾಣ್ತದೆ.”

“ಹೆಸರು ಮಾತ್ರ ತಾನೆ? ಹಲ್ಲು ಇಲ್ಲವಲ್ಲ?”

“ಹಲ್ಲು ಇಲ್ಲ ಅಂತಲೇ ಅಲ್ವಾ ಮಾರಾಯ್ರೇ ನೀವು ಕೇಸು ಹಾಕಿದ್ದು!”

ನ್ಯಾಯವೆಂಬುದು ಸಭೆಯ ನಡುವೆ ನಡೆಯಬೇಕು, ಬಾಗಿಲಿಕ್ಕಿ ನುಡಿದದ್ದು ತೀರ್ಪಲ್ಲ, ಪಿಸುಮಾತು ಎಂದು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೆನೋ ಲೆಕ್ಕವಿಲ್ಲ. ಅಂದು ಆಯೋಗದ ಮೆಟ್ಟಿಲು ಹತ್ತುವಾಗ ಮಾತ್ರ, ಬಾಗಿಲೆಂಬುದನ್ನು ಹಿರಿಯರು ಮುಚ್ಚುವುದಕ್ಕೂ ಮಾಡಿರಬೇಕೆಂದು ತೋರಿತು.

ಜವಾನ ಹೊಸ್ತಿಲಲ್ಲಿ ನಿಂತು ನನ್ನ ಹೆಸರನ್ನು ಮೂರು ಸಲ ಕೂಗಿದ. ಅಲ್ಲಿನ ಪದ್ಧತಿ ಅದು. ನಾನು ಅವನೆದುರಿಗೇ ನಿಂತಿದ್ದರೂ ಎರಡನೆಯದನ್ನೂ ಮೂರನೆಯದನ್ನೂ ಅವನು ಬಿಡಲಿಲ್ಲ. ಒಳಹೊಕ್ಕು ನೋಡಿದರೆ, ಹಿಂದಿನ ಬೆಂಚಿನಲ್ಲಿ ಛತ್ರಿಯ ಹಿಡಿಯ ಮೇಲೆ ಗದ್ದವೂರಿ ನಮ್ಮ ಮಾಸ್ಟ್ರು ಕುಳಿತಿದ್ದಾರೆ!

ಈ ಮಾಸ್ಟ್ರು ನಮ್ಮ ಮನೆಯಿಂದ ಎರಡು ಮನೆ ಆಚೆಯವರು. ಕೊಂಕಣಿ ಮಾತಾಡುವ ಕ್ರೈಸ್ತರು, ನಿವೃತ್ತ ಗಣಿತ ಅಧ್ಯಾಪಕರು, ನನ್ನ ಮುಂಜಾನೆಯ ನಡಿಗೆಯ ಜೊತೆಗಾರರು. ಬೆಳಗ್ಗೆ ಇಗರ್ಜಿಯ ಪೂಜೆ ತಪ್ಪಿಸದವರು, ಶನಿವಾರ ಸಂಜೆ ನನ್ನ ಓದನ್ನೂ ತಪ್ಪಿಸುತ್ತಿರಲಿಲ್ಲ. ಮೂರನೆಯ ಸಾಲಿನಲ್ಲಿ ಕುಳಿತು, ಕೆಲವು ಪದ್ಯಗಳು ಬಂದಾಗ ತಲೆ ತಗ್ಗಿಸಿ ನೆಲ ನೋಡುತ್ತಿದ್ದರು. ಮತ ಬೇರೆಯಾದರೂ ಎಂಥ ಭಾವುಕತೆಯೆಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಗುಟ್ಟು ಯಾರಿಗೆ ತಿಳಿದರೂ ಇವರಿಗೆ ತಿಳಿಯಬಾರದೆಂಬುದು ನನ್ನ ಪ್ರಾರ್ಥನೆಯಾಗಿತ್ತು. ಏಕೆಂದರೆ ಇವರ ಬಾಯಿಗೆ ಸಿಕ್ಕ ಸಂಗತಿ ಒಂದು ವರ್ಷವಾದರೂ ನಮ್ಮ ನಡಿಗೆಯ ಜೊತೆಗೇ ನಡೆಯುತ್ತದೆ.

“ನೀವೆಂತ ಇಲ್ಲಿ?” ಎಂದೆ ಮೆಲ್ಲಗೆ.

“ಸುಮ್ಮನೆ ಪಂಡಿತ್ರೇ. ಬಾಗಿಲು ತೆರೆದುಂಟು, ಫ್ಯಾನು ತಿರುಗ್ತದೆ, ಬೇರೆಯವರ ಜಗಳ ಪುಕ್ಕಟೆ. ಮೂರು ವಾರದಿಂದ ಬರ್ತಾ ಇದ್ದೇನೆ. ನಿಮ್ಮದೆಂತ ಕೇಸು?”

ನಾನು ಸರಸರನೆ ಮುಂದೆ ಹೋಗಿ, ಆಯೋಗದ ಅಧ್ಯಕ್ಷೆಗೆ ಕೈಮುಗಿದು, ವಿಷಯವು ಸ್ವಂತದ್ದಾದ್ದರಿಂದ ಬಾಗಿಲು ಮುಚ್ಚಿಸಿ ವಿಚಾರಿಸಬೇಕೆಂದು ಬಿನ್ನವಿಸಿಕೊಂಡೆ. ಆಕೆ ಫೈಲಿನ ಮೇಲಿನ ದೊಡ್ಡ ಅಕ್ಷರಗಳನ್ನು ನೋಡಿದರು, ನನ್ನನ್ನೂ ನೋಡಿದರು.

“ಮಕ್ಕಳ ವಿಷಯವೋ, ಯಾರದಾದರೂ ಮಾನಪ್ರಾಣದ ಪ್ರಶ್ನೆಯೋ ಆದರೆ ಮುಚ್ಚಿಸ್ತೇನೆ. ಹಲ್ಲಿಗೆ ಬಾಗಿಲು ಮುಚ್ಚಿದರೆ ನಾಳೆ ಫ್ರಿಜ್ಜಿನವರೂ ಕೇಳ್ತಾರೆ. ದೋಷ ಎಂಥದ್ದು, ತೋರಿಸಿ.”

ತೋರಿಸುವುದೆಂದರೆ ಓದಬೇಕು. ಇಷ್ಟದೇವತೆಯನ್ನು ನೆನೆದು, ಶಿವಸ್ತುತಿಯ ಒಂದು ಪದ್ಯವೆತ್ತಿ ಓದಿದೆ. ಸೀಟಿಗಳು ಒಂದರ ಹಿಂದೊಂದು ಹೊರಟವು. ಹೊರಗೆ ಕಾಯುತ್ತಿದ್ದವರು ಏನೆಂದು ಇಣುಕಿದರು. ಜವಾನ ಗೋಡೆಯ ಕಡೆಗೆ ತಿರುಗಿದ. ಅವನ ಹೆಗಲು ಕುಲುಕುತ್ತಿತ್ತು. ಲಜ್ಜೆಯಿಂದ ಹಿಂದಿನ ಬೆಂಚಿನ ಕಡೆಗೆ ದೃಷ್ಟಿ ಹಾಯಿಸಿದೆ. ಮಾಸ್ಟ್ರು ನನ್ನನ್ನು ನೋಡುತ್ತಿರಲಿಲ್ಲ. ತಲೆ ತಗ್ಗಿಸಿ ನೆಲ ನೋಡುತ್ತಿದ್ದರು, ಶನಿವಾರದಂತೆಯೇ.

ಚಿಕಿತ್ಸಾಲಯದ ವಕೀಲರು ಎದ್ದು, ನನ್ನ ಆರೋಗ್ಯದ ದಾಖಲೆಯನ್ನೇ ಮೊದಲಿನಿಂದ ಓದತೊಡಗಿದರು. ವಯಸ್ಸಾಯಿತು, ರಕ್ತದೊತ್ತಡವಾಯಿತು, ಅಲ್ಲಿಂದ ಅವರ ಬೆರಳು ಕೆಳಗಿಳಿಯಿತು. “ಇವರಿಗೆ ಮೂತ್ರದ...” ಎನ್ನುವಷ್ಟರಲ್ಲಿ ಅಧ್ಯಕ್ಷೆ ಪೆನ್ನಿನಿಂದ ಮೇಜು ಬಡಿದರು.

“ವಕೀಲರೇ, ಹಲ್ಲಿನ ವ್ಯಾಜ್ಯ ಹಲ್ಲಿನಲ್ಲೇ ಇರಲಿ. ಕುತ್ತಿಗೆಯಿಂದ ಕೆಳಗೆ ಇಳಿಯಬೇಡಿ.”

ಆ ಹಾಳೆಗಳನ್ನು ಬೇರೆ ಲಕೋಟೆಯಲ್ಲಿಟ್ಟು ಮುದ್ರೆ ಹಾಕಿಸಿದರು. ಬಾಗಿಲು ಮಾತ್ರ ತೆರೆದೇ ಇತ್ತು. ಯಾವುದನ್ನು ಸಭೆಗೆ ತರಬೇಕು, ಯಾವುದನ್ನು ತರಬಾರದು ಎಂಬುದನ್ನು ನಾನು ಕಲಿಸಿದ ಪಾಠಗಳಲ್ಲೆಲ್ಲೂ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲವೆಂದು ನಿಂತಲ್ಲೇ ಒಪ್ಪಿಕೊಂಡೆ. ಆದೇಶಕ್ಕೆ ಮುಂದಿನ ವಾರದ ದಿನ ಕೊಟ್ಟರು.

ಹೊರಗೆ ಬಂದ ಮೇಲೆ ಮಾಸ್ಟ್ರ ಕುಚೋದ್ಯಕ್ಕೆ ಮನಸ್ಸು ಗಟ್ಟಿಮಾಡಿ ನಿಂತೆ. ಅವರು ಛತ್ರಿಯ ತುದಿಯಿಂದ ನೆಲ ಕೆರೆಯುತ್ತಾ ಅತ್ತಿತ್ತ ನೋಡಿದರು.

“ಪಂಡಿತ್ರೇ, ನಿಮ್ಮ ಕೇಸಿನ ನಂಬರ್ ಎಷ್ಟು?”

“ಏಕೆ?”

“ನನ್ನದೂ ಅದೇ ಅಂಗಡಿಯ ಮಾಲು ಮಾರಾಯ್ರೇ. ಕೆಳಗಿನ ಸಾಲು. ನನಗೂ ನಾಲಿಗೆಯ ದೋಷ ಅಂತಲೇ ಹೇಳಿದ್ದಾರೆ. ದೂರು ಕೊಡುವ ಅಂತ ಬರ್ತೇನೆ, ಜನ ನೋಡಿ ಹೆದರಿ ಬೆಂಚಲ್ಲಿ ಕೂತುಕೊಳ್ತೇನೆ.”

ಒಂದು ವರ್ಷದಿಂದ ಇವರು ನಮ್ಮ ಮನೆಯ ಚಕ್ಕುಲಿಯನ್ನು ಡಾಕ್ಟರು ಎಣ್ಣೆ ಬೇಡವೆಂದಿದ್ದಾರೆಂದು ಮುಟ್ಟುತ್ತಿರಲಿಲ್ಲ. ಏಕಾದಶಿಯಲ್ಲದ ದಿನಗಳಲ್ಲೂ ಅವರ ಮನೆಯ ಕಲ್ಕಲ್ ಎಂಬ ಗಟ್ಟಿ ಸಿಹಿತಿಂಡಿಯನ್ನು ನಾನು ಉಪವಾಸವೆಂದು ಒಲ್ಲೆನೆನ್ನುತ್ತಿದ್ದೆ. ಇಬ್ಬರು ಮುದುಕರು ಒಬ್ಬರಿಗೊಬ್ಬರು ಬಾಯಿ ಮುಚ್ಚಿಕೊಂಡು ಆ ಚಿಕಿತ್ಸಾಲಯವನ್ನೇ ಕಾಪಾಡಿದ್ದೆವು.

“ಹಾಗಾದರೆ ಶನಿವಾರ ನೀವು ತಲೆ ತಗ್ಗಿಸುತ್ತಿದ್ದುದು?”

“ನಿಮ್ಮ ಶಕಾರ ಬರುವಾಗ ನೋಡಿದರೆ ನಿಮಗೆ ಬೇಜಾರು ಆಗ್ತದೆ ಅಂತ. ಮತ್ತೆಂತ, ಭಕ್ತಿ ಅಂತ ಗ್ರಹಿಸಿದ್ದೀರಾ?”

ನಾನು ಕೇಸಿನ ನಂಬರು ಬರೆದುಕೊಟ್ಟೆ.

ಮುಂದಿನ ವಾರ ಆದೇಶ ನನ್ನ ಪರವಾಯಿತು. ಬೇರೊಂದು ಕಡೆ ಹೊಸ ಸೆಟ್ಟು ಕಟ್ಟಿಸಿಕೊಡಬೇಕೆಂದು ಚಿಕಿತ್ಸಾಲಯಕ್ಕೆ ಹೇಳಿದರು. ಆದೇಶವು ಅಂತರ್ಜಾಲದಲ್ಲಿ ಎಲ್ಲರಿಗೂ ಕಾಣುತ್ತದೆ, ಬೇಕಾದರೆ ಹೆಸರನ್ನು ಮರೆಮಾಡಿಸಲು ಅರ್ಜಿ ಕೊಡಬಹುದು ಎಂದು ಅಧ್ಯಕ್ಷೆಯೇ ಸೂಚಿಸಿದರು. ಬೆಂಚಿನಲ್ಲಿ ಮಾಸ್ಟ್ರು ಹೊಸ ದೂರಿನ ಕಾಗದ ಹಿಡಿದು ಕುಳಿತಿದ್ದರು. ಅವರಂತೆ ಇನ್ನೆಷ್ಟು ಮಂದಿ ತಮ್ಮ ನಾಲಿಗೆಯನ್ನೇ ಹಳಿದುಕೊಂಡು ಮನೆಯಲ್ಲಿ ಕುಳಿತಿದ್ದಾರೋ ಎಂದು ತೋರಿತು.

“ಹೆಸರು ಇರಲಿ ಮೇಡಂ,” ಎಂದೆ. “ಲಕೋಟೆ ಮಾತ್ರ ತೆರೆಯದಿದ್ದರೆ ಸಾಕು.”

ಎರಡು ತಿಂಗಳ ಮೇಲೆ ಮಾಸ್ಟ್ರ ಸರದಿ ಬಂತು. ಅಷ್ಟರಲ್ಲಿ ನನ್ನ ಹೊಸ ಹಲ್ಲು ಬಂದು, ಈಶನೂ ಶಾರದೆಯೂ ಸದ್ದಿಲ್ಲದೆ ಬಾಯಿಗೆ ಮರಳಿದ್ದರು. ಅಂದು ನಾನೇ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆ. ಜವಾನ ಮಾಸ್ಟ್ರ ಹೆಸರನ್ನು ಮೂರು ಸಲ ಕೂಗಿದ. ಅವರು ಮುಂದೆ ಹೋಗಿ ನಿಂತು, ಒಮ್ಮೆ ಹಿಂದಕ್ಕೆ ತಿರುಗಿ ನನ್ನತ್ತ ನೋಡಿದರು. ಅಧ್ಯಕ್ಷೆ “ತೋರಿಸಿ” ಎಂದರು.

ಅವರು ಬಾಯಿಗೆ ಕೈ ಹಾಕಿದರು. ನಾನು ತಲೆ ತಗ್ಗಿಸಿ ನೆಲ ನೋಡಿದೆ.