ಚೀತಾದ ಸೌಟು

ತಾಳಿಕೋಟೆ ಬಸ್ ನಿಲ್ದಾಣದಲ್ಲಿ ಭೀಮಪ್ಪ ಕಾಕಾ, ಅವರ ಹೆಂಡತಿ ಕಾಶವ್ವ, ನಾನು ಬೋನಿನ ಲಾರಿಯ ಮುಂದೆ ನಿಂತಿದ್ದೆವು. ಒಳಗೆ ಚೀತಾ ಇದೆಯೆಂಬ ಸುದ್ದಿ ಕೇಳಿ ಸಿಂದಗಿಯಿಂದ ಬಂದಿದ್ದೆವು. ಕಾಕಾ ಹಿಂದೆ ಸಂಸ್ಥಾನದ ಬೇಟೆಯ ಚೀತಾ ಸಾಕಿದವರು. ಹಿಡಿದ ಚಿಗರಿಯನ್ನು ಅದು ಬಿಡಲೆಂದು ಮಾಂಸ ಒಡ್ಡುತ್ತಿದ್ದ ಮರದ ಸೌಟನ್ನೂ ತಂದಿದ್ದರು.

“ಚೀತಾ ಎಲ್ಲಾ ಸತ್ತುಹೋಗ್ಯಾವು. ಆದ್ರೂ ಆ ಸೌಟು ನನ್ನ ಸಾರಿಗೆ ಮುಟ್ಟಿಸಗೊಡಂಗಿಲ್ಲ ನೋಡ್ರಿ,” ಎಂದರು ಕಾಶವ್ವ.

“ಸುಮ್ನಿರು ನೀ. ಎಲ್ಲ್ಯರೆ ಒಂದು ಉಳದಿರಬೇಕು. ಈಗ ಹಕ್ಕಿಹಂಗ ಚಿಂವ್ ಅಂತೈತಿ, ಕೇಳು.”

ಬೋನಿನೊಳಗಿಂದ ಗರಗಸ ಎಳೆದಂಥ ಸದ್ದು ಬಂತು. ಕಾಕಾ ಇಣುಕಿದರು.

“ಕಣ್ಣಿಂದ ಬಾಯಿತನಕ ಕರೀ ಗೆರಿ ಇಲ್ಲ. ಇದು ಚಿರತಿ.”

ಮರುದಿನ ಅವರ ಮನೆಯಲ್ಲಿ ಉಂಡೆ. ಕಾಕಾ ಅದೇ ಸೌಟಿನಿಂದ ಸಾರು ಬಡಿಸಿದರು.