ರಮಜಾನಿನಲ್ಲಿ ಕೆಂಪಾದ ಬಾಯಿ

ಎಪ್ಪತ್ತರ ದಶಕದ ಕೊನೆಯಲ್ಲಿ ಮಾನ್ವಿಯ ನಮ್ಮ ಮನೆಯಲ್ಲಿ ಬಾಯಿ ಕೆಂಪಗಿರದ ಹೆಂಗಸೇ ಇರಲಿಲ್ಲ. ಅಪ್ಪನ ತಾಯಿ ದಾದಿಮಾ ಬೆಳಿಗ್ಗೆ ಎದ್ದು ಎಲೆಗೆ ಸುಣ್ಣ ಹಚ್ಚಿದರೆ ಮಲಗುವವರೆಗೂ ದವಡೆಗೆ ರಜೆ ಇಲ್ಲ. ದೇವದುರ್ಗದಿಂದ ಸೊಸೆಯಾಗಿ ಬಂದ ನಮ್ಮ ಅಮ್ಮಿಯೂ ಅದನ್ನೇ ಕಲಿತಳು. ಹೀಗಾಗಿ ಅಮ್ಮಿಯ ವಸಡಿನಿಂದ ರಕ್ತ ಬರುತ್ತಿದ್ದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಇದ್ದಿಲ ಪುಡಿ ಹಾಕಿ ತಿಕ್ಕಿದಾಗಲೆಲ್ಲ ರಕ್ತ ಬರುತ್ತದೆ, ಅಂದಮೇಲೆ ತಿಕ್ಕುವುದೇ ತಪ್ಪು ಎಂದು ಅವಳೇ ತೀರ್ಮಾನಿಸಿ, ತಿಕ್ಕುವುದನ್ನೇ ಬಿಟ್ಟು, ವಾಸನೆಗೆಂದು ಲವಂಗ ಅಗಿಯತೊಡಗಿದಳು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಆದರೆ ನಮ್ಮ ಮನೆಯಲ್ಲಿ ಅದು ಜಾಣತನ.

ರಮಜಾನ್ ಬಂತು. ರೋಜಾ ಎಂದರೆ ಹೊತ್ತು ಮುಳುಗುವವರೆಗೆ ಹನಿ ನೀರೂ ಇಲ್ಲ, ಎಲೆ ಅಡಿಕೆಯ ಮಾತಂತೂ ಇಲ್ಲವೇ ಇಲ್ಲ. ಎಲ್ಲರ ಬಾಯಿಯ ಬಣ್ಣವೂ ಇಳಿಯಿತು, ಅಮ್ಮಿಯದೊಂದನ್ನು ಬಿಟ್ಟು. ಮಧ್ಯಾಹ್ನದ ನಮಾಜಿಗೆ ಮುಂಚೆ ಅವಳು ಬಾಯಿ ಮುಕ್ಕಳಿಸಿದರೆ ಬಚ್ಚಲ ಕಲ್ಲಿನ ಮೇಲೆ ಕೆಂಪು ನೀರು. ಹಿಂದೆಯೇ ದಾದಿಮಾ ನಿಂತಿದ್ದಳು.

ಮನೆಯಲ್ಲಿ ದಖನಿ ಉರ್ದು ಆಡುವ ದಾದಿಮಾ ಜಗಳಕ್ಕೆ ಮಾತ್ರ ಕನ್ನಡ ಹಿಡಿಯುತ್ತಿದ್ದಳು. ಓಣಿಯವರಿಗೂ ತಿಳಿಯಬೇಕಲ್ಲ!

“ರೋಜಾ ಹಿಡದು ಕದ್ದು ಎಲಿ ತಿನ್ನಾಕತ್ತೀಯೇನಬೇ?”

“ಇಲ್ರೀ ಯವ್ವಾ, ಅದು ರಕ್ತ. ನನ್ನ ರೋಜಾ ಖರೇ ಅದ,” ಎಂದಳು ಅಮ್ಮಿ, ಕನ್ನಡದಲ್ಲೇ.

“ರಕ್ತ ಬರಾಕ ನಿನಗ ಹೊಡದವರ್ಯಾರು?”

ದಾದಿಮಾ ಎಲೆಯ ಡಬ್ಬಿಗೆ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮರುದಿನವೂ ನೀರು ಕೆಂಪು. ಜೋಳದ ಗಡಿಗೆ, ಹಾಸಿಗೆಯ ಸುರುಳಿ, ಕೊನೆಗೆ ನನ್ನ ಶಾಲೆಯ ಚೀಲವನ್ನೂ ಜಾಲಾಡಿದಳು. ಬಳೆ ಅಂಗಡಿಯಿಂದ ಬಂದ ಅಪ್ಪ ತಾಯಿ ಹೇಳಿದ್ದಕ್ಕೂ ಹೂಂ, ಹೆಂಡತಿ ಹೇಳಿದ್ದಕ್ಕೂ ಹೂಂ ಎಂದು ಮಸೀದಿಯ ದಾರಿ ಹಿಡಿದ. ಅಮ್ಮಿಗೆ ಹಲ್ಲಿನ ಚಿಂತೆ ಎಳ್ಳಷ್ಟೂ ಇರಲಿಲ್ಲ. ದೇವರಿಗಾಗಿ ಹಿಡಿದ ಉಪವಾಸವನ್ನು ಸುಳ್ಳು ಎಂದರಲ್ಲ, ಅದೇ ಸಂಕಟ. ಸಂಜೆ ಖರ್ಜೂರ ಕೈಯಲ್ಲಿ ಹಿಡಿದುಕೊಂಡೇ ಅಳುತ್ತಿದ್ದಳು. ನನಗೆ ದಾದಿಮಾಳ ಮೇಲೆ ವಿಪರೀತ ಸಿಟ್ಟು ಬಂದಿತ್ತು.

“ರಾಯಚೂರಿನ ಹಲ್ಲಿನ ಡಾಕ್ಟರು ಹೇಳ್ಲಿ. ಅವರು ಎಲಿ ಅಂದ್ರ ನಾ ತವರಿಗೆ ಹೋಗ್ತೀನಿ,” ಎಂದಳು ಅಮ್ಮಿ. ಸಾಕ್ಷಿಗೆಂದು ದಾದಿಮಾ ಎಲ್ಲರಿಗಿಂತ ಮೊದಲು ಬಸ್ಸು ಹತ್ತಿದಳು. ಹಿಂದೆ ಅಮ್ಮಿ, ನಾನು.

ಡಾಕ್ಟರು ಸಣ್ಣ ಕನ್ನಡಿ ಹಿಡಿದು ವಸಡು ಮುಟ್ಟಿದ್ದೇ ತಡ, ರಕ್ತ ಜಿನುಗಿತು. ದಾದಿಮಾ ಅವರ ಭುಜದ ಮೇಲಿಂದ ಬಗ್ಗಿ ಎಲೆಯ ಚೂರು ಹುಡುಕುತ್ತಿದ್ದಳು.

“ಎಲಿ ಎಲ್ಲದರೀ ಯವ್ವಾ? ಇದು ವಸಡಿನ ರೋಗ. ಹಲ್ಲಿನ ಬುಡಕ್ಕ ಹೊಲಸು ಕುಂತು ಕಲ್ಲಾಗ್ಯದ, ಅದಕ್ಕ ವಸಡು ಬಾತು ರಕ್ತ ಬರ್ತದ. ತಿಕ್ಕೋದು ಬಿಟ್ಟಿದ್ದಕ್ಕ ಮತ್ತಷ್ಟು ಹೆಚ್ಚಾಗ್ಯದ. ಹಿಂಗ ಬಿಟ್ರ ಒಳಗಿನ ಎಲುಬು ಸವದು ಗಟ್ಟಿ ಹಲ್ಲೂ ಅಲ್ಲಾಡಿ ಬೀಳ್ತಾವು.”

ಹಬ್ಬ ಮುಗಿಸಿ ಬಂದು ಆ ಕಲ್ಲು ತೆಗೆಸಿಕೊಳ್ಳಬೇಕು, ಇದ್ದಿಲು ಬಿಟ್ಟು ಮೆತ್ತನೆಯ ಬ್ರಷ್ಷಿನಿಂದ ಬೆಳಿಗ್ಗೆ ರಾತ್ರಿ ವಸಡಿನ ಅಂಚನ್ನೂ ಹಗುರವಾಗಿ ತಿಕ್ಕಬೇಕು, ಎಲೆ ಅಡಿಕೆ ಬಂದ್ ಎಂದರು. ದಾದಿಮಾ ಸುಮ್ಮನಿರಲಿಲ್ಲ. ತನ್ನ ಬಾಯಿಯನ್ನೂ ತೆರೆದು ತೋರಿಸಿದಳು.

“ನನ್ನವು ಮಕ್ಕಳು ಹುಟ್ಟಿ ಬಿದ್ದಾವ್ರಿ. ಕೂಸಿಗೊಂದು ಹಲ್ಲು.”

“ಪಾಪ, ಮಕ್ಕಳ ಮ್ಯಾಲ ಯಾಕ ಹಾಕ್ತೀರಿ? ನಿಮಗೂ ಇದ ರೋಗ ಆಗಿತ್ತು,” ಎಂದು ಡಾಕ್ಟರು ನಕ್ಕರು.

ವಾಪಸು ಬರುವಾಗ ಬಸ್ಸು ಕಲ್ಮಲ ಊರು ದಾಟಿದರೂ ದಾದಿಮಾ ಜಗಳ ಬಿಟ್ಟು, ನಾಲಿಗೆಯಿಂದ ತನ್ನ ಉಳಿದ ಹಲ್ಲುಗಳನ್ನು ಎಣಿಸುತ್ತ ಕುಳಿತಿದ್ದಳು. ನನ್ನ ಮಟ್ಟಿಗೆ ಅದೊಂದು ಪವಾಡ.

ಹಬ್ಬ ಕಳೆದು, ಕಲ್ಲು ತೆಗೆಸಿಕೊಂಡು, ಅಮ್ಮಿ ಬ್ರಷ್ಷು ಹಿಡಿದಳು. ದಾದಿಮಾ ಪಕ್ಕದಲ್ಲೇ ಕುಳಿತು ಉಳಿದ ಹಲ್ಲುಗಳನ್ನು ತಿಕ್ಕಿಕೊಳ್ಳುತ್ತ, ನಡುನಡುವೆ ಸೊಸೆಯ ಗಲ್ಲ ಹಿಡಿದು ತಪಾಸಣೆ ಮಾಡುತ್ತಿದ್ದಳು. ಅಮ್ಮಿ ಬಾಯಿ ತೆರೆಯುತ್ತಿದ್ದಳು, ಮುಖದ ಗಂಟು ಮಾತ್ರ ಸಡಿಲಿಸುತ್ತಿರಲಿಲ್ಲ. ಅವಳು ಕೇಳಬೇಕಾದ ಮಾತು ಇನ್ನೂ ಬಂದಿರಲಿಲ್ಲ.

ಒಂದು ಬೆಳಿಗ್ಗೆ, ಅಮ್ಮಿ ತಿಕ್ಕುತ್ತಿದ್ದಾಗಲೇ, ದಾದಿಮಾ ಹೇಳಿಬಿಟ್ಟಳು.

“ನಿನ್ನ ರೋಜಾ ಖರೇ ಇತ್ತಬೇ. ನಂದ ತಪ್ಪಾತು.”

ಅಮ್ಮಿಯ ಬಾಯಿತುಂಬ ನೊರೆ. ಏನೋ ಹೇಳಲು ಹೋದಳು, ಆಗಲಿಲ್ಲ. ಕಣ್ಣಲ್ಲಿ ನೀರು ಬಂತು, ನೊರೆ ಗಂಟಲಿಗಿಳಿದು ಕೆಮ್ಮು ಹತ್ತಿತು. ದಾದಿಮಾ ಗಾಬರಿಯಾಗಿ ಅವಳ ಬೆನ್ನು ತಟ್ಟತೊಡಗಿದಳು.

“ಉಗುಳಬೇ, ಮೊದಲ ಉಗುಳು! ಆಮ್ಯಾಲ ಅಳುವಂತಿ.”