ಪಿತ್ತ ಅಂದುಕೊಂಡಿದ್ದು

ಪುಷ್ಯ ಮಾಸದ ಒಂದು ಗುರುವಾರ, ಬೆಳಗ್ಗೆ ಆರೂವರೆ. ಹಾಜರಿದ್ದವರು: ಬಾಗಿಲ ಮುಂದೆ ರಂಗೋಲಿ ಹಾಕುತ್ತಿದ್ದ ಸೊಸೆ, ಅಡುಗೆಮನೆಯಲ್ಲಿ ನನ್ನ ಹೆಂಡತಿ, ವಾಕಿಂಗ್ ಮುಗಿಸಿ ಬಂದು ಗೇಟಿಗೆ ಕೈಯಿಟ್ಟಿದ್ದ ನಾನು. ಮಗ ಆಫೀಸಿನ ಕೆಲಸದ ಮೇಲೆ ಹುಬ್ಬಳ್ಳಿಗೆ ಹೋಗಿದ್ದ.

ನಾನು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟರಾಗಿದ್ದವನು. ಹಾಜರಿ ತೆಗೆದುಕೊಳ್ಳದೆ ಯಾವ ಕೆಲಸವನ್ನೂ ಶುರು ಮಾಡಿ ಅಭ್ಯಾಸವಿಲ್ಲ. ಆದರೂ ಆ ದಿನವನ್ನು ನೆನೆಸಿಕೊಂಡರೆ ಯಾವುದೂ ಸಾಲಿನಲ್ಲಿ ನಿಲ್ಲುವುದಿಲ್ಲ. ಬಸವನಗುಡಿಯ ರಸ್ತೆಗಳಲ್ಲಿ ಆಗ ಮಂಜು ಇಳಿದಿತ್ತು. ಹೂವಿನವನ ಸೈಕಲ್ಲಿಗಿಂತ ಮೊದಲು ಅದರ ಬೆಲ್ಲು ಬರುತ್ತಿತ್ತು. ಬೀದಿದೀಪಗಳು ಇನ್ನೂ ಆರಿರಲಿಲ್ಲ, ಒಂದೊಂದೂ ಗಾಳಿಯಲ್ಲಿ ತೂಗುಬಿಟ್ಟ ಕಿತ್ತಳೆ ಹಣ್ಣಿನ ಹಾಗೆ.

ಸೊಸೆ ಕುಕ್ಕರಗಾಲಿನಲ್ಲಿ ಕೂತು ಚುಕ್ಕಿ ಸೇರಿಸುತ್ತಿದ್ದಳು. ಕೈ ನಿಂತಿತು.

“ಮಾವ, ಬಲಗಡೆ ನಾನು ಚುಕ್ಕಿ ಇಟ್ಟಿದೀನಾ?”

“ಇಟ್ಟಿದೀಯಲ್ಲಮ್ಮ. ಸಾಲಾಗಿ ಇದಾವೆ.”

“ನಂಗೆ ಕಾಣ್ತಿಲ್ಲ.” ಅವಳ ದನಿಯಲ್ಲಿ ಗಾಬರಿ ಇರಲಿಲ್ಲ. ನಿದ್ದೆಯಿಂದ ಅರ್ಧ ಎದ್ದವರ ದನಿ. “ಸೀರೆಗೆ ಗೋಪುರದ ಅಂಚು ಇರುತ್ತಲ್ಲ, ಜರೀದು, ಹಂಗೆ ಮಿಣಮಿಣ ಅಂತ ಹೊಳೀತಾ ದೊಡ್ಡದಾಗ್ತಿದೆ. ನೋಡೋಕೆ ಚೆನ್ನಾಗೇ ಇದೆ.”

ಅವಳು ನೋಡುತ್ತಿದ್ದ ಕಡೆ ನಾನೂ ತಿರುಗಿ ನೋಡಿದೆ. ಮಂಜು ಬಿಟ್ಟರೆ ಏನೂ ಇರಲಿಲ್ಲ. ನನಗೆ ಕಾಣದ ಆ ಅಂಚಿನ ಬಗ್ಗೆ, ನಿಜ ಹೇಳಬೇಕೆಂದರೆ, ಒಂದು ಕ್ಷಣ ಆಸೆಯೇ ಆಯಿತು.

ಹೆಂಡತಿ ಕಾಫಿ ಲೋಟ ಹಿಡಿದು ಹೊರಗೆ ಬಂದಳು. “ಮತ್ತೆ ಪಿತ್ತಾನಾ? ರಾತ್ರಿ ಹಿತಕಿದ ಬೇಳೆ ಸಾರು ಎರಡು ಸಲ ಹಾಕಿಸ್ಕೊಂಡಾಗ್ಲೇ ಅಂದ್ಕೊಂಡೆ.”

“ಬಡಿಸಿದ್ದು ನೀವೇ, ಅತ್ತೆ.”

“ಬಡಿಸಿದೆ. ತಿನ್ನು ಅಂತ ಬಲವಂತ ಮಾಡಿದ್ನಾ?”

ಕಣ್ಣ ಮುಂದೆ ಬೆಳಕು ಕುಣಿಯುವುದು, ಆಮೇಲೆ ಅರ್ಧ ತಲೆ ಸಿಡಿಯುವುದು, ಕೊನೆಗೆ ವಾಂತಿ: ನಮ್ಮಂಥ ಮನೆಗಳಲ್ಲಿ ಇದಕ್ಕೆಲ್ಲ ಸೇರಿ ಪಿತ್ತ ಅಂತಲೇ ಹೆಸರು. ಜೀರಿಗೆ ಕಷಾಯ ಕುಡಿದು, ಕತ್ತಲೆ ಕೋಣೆಯಲ್ಲಿ ಮಲಗಿ ಎದ್ದರೆ ಮುಗಿಯಿತು. ಸೊಸೆಗೆ ಇದು ಸ್ಕೂಲಿನ ದಿನಗಳಿಂದಲೂ ಇತ್ತು, ವರ್ಷಕ್ಕೆ ಒಂದೆರಡು ಸಲ. ದೀಪಾವಳಿ ಆದಮೇಲೆ ಪದೇ ಪದೇ ಬರುತ್ತಿತ್ತು. ನಾನು ಗಮನಿಸಿದ್ದೆ, ಆದರೆ ಪಿತ್ತ ಅಡುಗೆಮನೆಯ ಇಲಾಖೆ ಎಂದು ಸುಮ್ಮನಿದ್ದೆ.

ಅಷ್ಟರಲ್ಲಿ ರಂಗೋಲಿ ಪುಡಿಯ ಬಟ್ಟಲು ಅವಳ ಕೈಯಿಂದ ಜಾರಿತು. ಅವಳು ಬೆರಳುಗಳನ್ನು ಎತ್ತಿ, ಬೇರೆ ಯಾರದೋ ಎಂಬಂತೆ ನೋಡಿಕೊಂಡಳು.

“ಜೋಮು ಹಿಡಿದಂಗಿದೆ. ತುಟಿ ಹತ್ರಾನೂ. ಇದು ಹೊಸದು.”

ಬೆಳಗಿನ ಪ್ರಾರ್ಥನೆಗೆ ನಿಂತ ಮಕ್ಕಳು ಬಿಸಿಲಿಗೆ ತೂರಾಡಿ ಬೀಳುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಸುಮ್ಮನೆ ತಲೆ ಸುತ್ತಿದವರನ್ನು ನೆರಳಲ್ಲಿ ಕೂರಿಸುವುದು, ಕೈಕಾಲು ಸ್ವಾಧೀನ ತಪ್ಪಿತು ಎಂದವರನ್ನು ತಕ್ಷಣ ಡಾಕ್ಟರ ಹತ್ತಿರ ಕರೆದೊಯ್ಯುವುದು. ಇದರಲ್ಲಿ ಚರ್ಚೆಗೆ ಜಾಗವಿಲ್ಲ.

“ನಡಿಯಮ್ಮ, ಹೊರಡೋಣ.”

“ಎಲ್ಲದಕ್ಕೂ ಸೀಟಿ ಊದ್ಬೇಡಿ,” ಅಂದಳು ಹೆಂಡತಿ. “ಕಷಾಯಕ್ಕೆ ಇಟ್ಟಿದೀನಿ.”

“ಫ್ಲಾಸ್ಕಿಗೆ ಹಾಕಿಡು. ಬಂದು ಕುಡೀತಾಳೆ.”

ಆಟೋ ಸಿಗುವ ಹೊತ್ತಿಗೆ ಜೋಮು ಇಳಿದಿತ್ತು. “ಹೋಯ್ತು ಮಾವ, ಬಿಡಿ,” ಎಂದಳು. ನಾನು ಹತ್ತಿ ಕೂತಾಗಿತ್ತು. ಈಗ ತಲೆನೋವು ಶುರುವಾಗಿತ್ತು. ದುಪ್ಪಟ್ಟಾವನ್ನು ಕಣ್ಣ ಮೇಲೆ ಎಳೆದುಕೊಂಡು ನನ್ನ ಹೆಗಲಿಗೆ ಒರಗಿದಳು. ಸೊಸೆಯಾಗಿ ನಮ್ಮ ಮನೆಗೆ ಬಂದ ಮೇಲೆ ಅವಳು ಹಾಗೆ ಒರಗಿದ್ದು ಅದೇ ಮೊದಲು. ಗಾಂಧಿ ಬಜಾರಿನಲ್ಲಿ ಅವರೆಕಾಯಿ ಮೂಟೆಗಳನ್ನು ಬಿಚ್ಚುತ್ತಿದ್ದರು. ಇಬ್ಬನಿಗೆ ನೆನೆದ ಸೊಗಡು ವಾಸನೆ ಆಟೋದೊಳಗೂ ತುಂಬಿಕೊಂಡಿತು. ಸೇವಂತಿಗೆ ರಾಶಿಗಳು ಮಂಜಿನಲ್ಲಿ ತೇಲಿದಂತೆ ಹಿಂದೆ ಸರಿದವು. ಎಚ್ಚರವಾಗಿದ್ದೇನೋ ಇಲ್ಲವೋ ಎಂದು ನನಗೇ ಅನುಮಾನ ಬರುವಷ್ಟು ಮೆತ್ತಗೆ ಸಾಗಿತು ಆ ದಾರಿ.

ನಮಗೆ ಗೊತ್ತಿರುವ ಡಾಕ್ಟರಮ್ಮನ ಮನೆ, ಕ್ಲಿನಿಕ್ಕು ಎರಡೂ ಒಂದೇ ಕಟ್ಟಡದಲ್ಲಿ. ಸ್ವೆಟರ್ ಹಾಕಿಕೊಂಡೇ ಬಂದರು. ಕಣ್ಣಿಗೆ ಟಾರ್ಚು ಬಿಟ್ಟರು, ಎರಡೂ ಕೈ ಎತ್ತಿಸಿದರು, ನಗಲು ಹೇಳಿದರು, ಬಿ.ಪಿ. ನೋಡಿದರು. ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಕೇಳಿದರು: “ಯಾವುದಾದ್ರೂ ಮಾತ್ರೆ ತಗೋತಿದೀಯಾಮ್ಮ?”

ಸೊಸೆ ನನ್ನ ಕಡೆ ತಿರುಗಿ, ಕಣ್ಣು ಮುಚ್ಚಿಕೊಂಡಳು. ನನಗೆ ಅರ್ಥವಾಯಿತು. ಎದ್ದೆ. “ನಾನು ಹೊರಗಿರ್ತೀನಿ.”

“ಇರಿ ಮಾವ,” ಎಂದಳು ಕಣ್ಣು ಮುಚ್ಚಿಕೊಂಡೇ. “ಹೋದ್ರೆ ನೀವು ಏನೇನೋ ಅಂದ್ಕೋತೀರಿ.”

ಕೂತೆ. ಗೋಡೆಯ ಕ್ಯಾಲೆಂಡರ್ ನೋಡತೊಡಗಿದೆ.

“ಮಗು ಆಗದೇ ಇರೋ ಮಾತ್ರೆ. ದೀಪಾವಳಿ ಆದ್ಮೇಲಿಂದ.” ಪರ್ಸಿನಿಂದ ಮಾತ್ರೆಯ ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟಳು.

ಡಾಕ್ಟರಮ್ಮ ತಿರುಗಿಸಿ ನೋಡಿದರು. “ಇದು ಎರಡು ಹಾರ್ಮೋನು ಸೇರಿರೋದು. ಯಾರು ಬರೆದುಕೊಟ್ರು?”

“ಆಫೀಸ್ ಹತ್ರ ಒಬ್ರು ಡಾಕ್ಟರು. ಬಿ.ಪಿ. ನೋಡಿದ್ರು. ಸಿಗರೇಟ್ ಸೇದ್ತೀರಾ ಅಂತಾನೂ ಕೇಳಿದ್ರು.”

“ತಲೆನೋವು, ಮೈಗ್ರೇನ್ ಕೇಳ್ಲಿಲ್ವಾ?”

“ಕೇಳಿದ್ರು. ಇಲ್ಲ ಅಂದೆ.” ದುಪ್ಪಟ್ಟಾದಿಂದ ಹಣೆ ಒತ್ತಿಕೊಂಡು, “ನಂಗಿರೋದು ಪಿತ್ತ ಅಲ್ವಾ, ಡಾಕ್ಟ್ರೇ?”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ನಮ್ಮಮ್ಮನೂ ಹಂಗೇ ಅಂತಿದ್ರು,” ಎಂದರು. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. ಇದು ಮೈಗ್ರೇನು, ಅದರಲ್ಲೂ ನೋವಿಗೆ ಮುಂಚೆ ಬೆಳಕು ಕಾಣಿಸುವ ಬಗೆ. ಈ ಬಗೆ ಇರುವವರು ಈ ಜಾತಿಯ ಮಾತ್ರೆ ತೆಗೆದುಕೊಂಡರೆ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೊಡೆತ ಬೀಳುವ ಅಪಾಯ ಹೆಚ್ಚುತ್ತದೆ. ಈ ವಯಸ್ಸಿನಲ್ಲಿ ಎಲ್ಲರಿಗೂ ಹಾಗಾಗುವುದಿಲ್ಲ, ಆದರೆ ಗೊತ್ತಿದ್ದೂ ಮುಂದುವರಿಸುವಂತಿಲ್ಲ. “ಇವತ್ತಿಂದ ಇದು ಬಂದ್. ಕೈ ಜೋಮು ಹಿಡಿದಿದ್ದು ಹೊಸದು ಅಂದ್ಯಲ್ಲ, ನಾಳೆನೇ ನರದ ಡಾಕ್ಟರಿಗೂ ತೋರಿಸು,” ಎಂದು ಚೀಟಿ ಬರೆದರು.

ಅಲ್ಲಿಯವರೆಗೆ ಅಳದಿದ್ದವಳು ಆಗ ಅತ್ತಳು. “ನಿಲ್ಲಿಸಿದ್ರೆ ಹೆಂಗೆ? ಈಗ ಮಗು ಬೇಡ. ಲಾ ಓದು ಇನ್ನೂ ಒಂದೂವರೆ ವರ್ಷ ಇದೆ. ಸೇರಿದ್ದೇ ಕಷ್ಟಪಟ್ಟು. ನಾವಿಬ್ರೂ ಕೂತು ಯೋಚ್ನೆ ಮಾಡಿದ್ದು.”

ಹಗಲು ಆಫೀಸು, ಸಂಜೆ ಕಾಲೇಜು, ರಾತ್ರಿ ನಮ್ಮ ಮನೆಯ ಊಟದ ಮೇಜಿನ ಮೇಲೆ ಆ ದಪ್ಪ ಪುಸ್ತಕಗಳು. ಮಿದುಳಿನ ಮಾತಿಗಿಂತ ಅದು ಕೈತಪ್ಪುವ ಭಯವೇ ಅವಳಿಗೆ ದೊಡ್ಡದಾಗಿತ್ತು.

“ಬೇಡ ಅಂದ್ರೆ ಬೇಡ. ದಾರಿ ಒಂದೇನಾ ಇರೋದು?” ಡಾಕ್ಟರಮ್ಮ ಬೇರೆ ಮಾತ್ರೆ ಬರೆದರು. ಇದರಲ್ಲಿ ಒಂದೇ ಹಾರ್ಮೋನು, ಅವಳಿಗೆ ತೊಂದರೆ ಕೊಡುವುದು ಇದರಲ್ಲಿಲ್ಲ. ನಡುವೆ ಬಿಡುವಿನ ವಾರವಿಲ್ಲ, ಪ್ರತಿದಿನ ಒಂದೇ ಹೊತ್ತಿಗೆ. ಮೊದಲ ವಾರ ಕಾಂಡೋಮ್ ಕೂಡ ಇರಲಿ. ವಾಂತಿಯಾದರೆ, ಮರೆತರೆ ಫೋನ್ ಮಾಡಿ ಕೇಳು. ಮಾತ್ರೆಯೇ ಬೇಡ ಅನ್ನಿಸಿದರೆ ಕಾಪರ್-ಟಿ ಇದೆ, ಆಮೇಲೆ ಮಾತಾಡೋಣ. ಯಾವ ಡಾಕ್ಟರು ಏನು ಬರೆದರೂ ಮೈಗ್ರೇನಿನ ವಿಷಯ ಮೊದಲು ಹೇಳಬೇಕು. “ಕೈಕಾಲಿಗೆ ಬಲ ಇಲ್ಲ, ಮಾತು ತೊದಲ್ತಿದೆ, ಎದೆನೋವು, ಮೀನಖಂಡ ಊದಿದೆ, ಇಂಥದ್ದೇನಾದ್ರೂ ಆದ್ರೆ ಕಷಾಯ ಅಲ್ಲ, ನೇರ ಆಸ್ಪತ್ರೆ. ಗೊತ್ತಾಯ್ತಾ? ಮಾತ್ರೆ ಹೊತ್ತು ತಪ್ಪಬಾರದು.”

ಸೊಸೆ ಮೂಗು ಒರೆಸಿಕೊಂಡಳು. “ನಮ್ಮನೇಲಿ ಹೊತ್ತು ತಪ್ಪೋಕೆ ಇವ್ರು ಬಿಡ್ತಾರಾ?”

ಪಕ್ಕದ ಮೆಡಿಕಲ್ ಶಾಪಿನಲ್ಲಿ ಚೀಟಿ ಕೊಟ್ಟವನು ನಾನೇ. ಅಂಗಡಿಯವನು ಮಾತ್ರೆಯನ್ನು ಹಳೆ ಪೇಪರಿನಲ್ಲಿ ಸುತ್ತಲು ಹೊರಟ. “ಹಂಗೇ ಕೊಡಪ್ಪ,” ಎಂದೆ.

ಮಧ್ಯಾಹ್ನವೆಲ್ಲ ಅವಳು ಕತ್ತಲೆ ಮಾಡಿಕೊಂಡು ಮಲಗಿದಳು. ಮನೆ ನೀರಿನಡಿ ಇಟ್ಟ ಹಾಗಿತ್ತು. ನಲ್ಲಿ ಬಿಟ್ಟರೂ ಸದ್ದು ದೂರದಿಂದ ಬಂದಂತೆ.

“ಡಾಕ್ಟ್ರು ಏನಂದ್ರು?” ಹೆಂಡತಿ ಕೇಳಿದಳು.

“ಮೈಗ್ರೇನಂತೆ.”

“ಅಷ್ಟೇನಾ?”

“ಮಿಕ್ಕಿದ್ದು ಅವಳನ್ನೇ ಕೇಳು,” ಎಂದು ಗಿಡಗಳಿಗೆ ನೀರು ಹಾಕಲು ಹೋದೆ. ಆ ಹೊತ್ತಿನಲ್ಲಿ ನಾನು ಗಿಡಗಳಿಗೆ ನೀರು ಹಾಕುವುದಿಲ್ಲ, ಅದು ಅವಳಿಗೂ ಗೊತ್ತು. ಮೊಮ್ಮಗು ಬೇಕೆಂದು ಅವಳು ಗುರುವಾರ ಗುರುವಾರ ರಾಯರ ಮಠಕ್ಕೆ ಹೋಗಿ ಪ್ರದಕ್ಷಿಣೆ ಹಾಕಿ ಬರುತ್ತಿದ್ದಳು. ಅಂದೂ ಹೋಗಿ ಬಂದು ಮಂತ್ರಾಕ್ಷತೆ ತಂದಿಟ್ಟಿದ್ದಳು.

ದೀಪ ಹಚ್ಚಿದ ಮೇಲೆ ಸೊಸೆ ಮುಖ ತೊಳೆದು ಬಂದು ಅಡುಗೆಮನೆಯಲ್ಲಿ ಅತ್ತೆಯ ಎದುರು ನೆಲದ ಮೇಲೆ ಕೂತಳು. ಯಾರೂ ಕೇಳುವ ಮೊದಲೇ ಎಲ್ಲ ಹೇಳಿದಳು. ನಾನು ನಡುಮನೆಯಲ್ಲಿ ಪೇಪರ್ ಹಿಡಿದು ಕೂತಿದ್ದೆ, ಓದಲಿಲ್ಲ.

ಒಲೆ ಆರಿಸಿದ ಸದ್ದು ಕೇಳಿತು. ಆಮೇಲೆ ಹೆಂಡತಿಯ ದನಿ: “ಅಂದ್ರೆ ನಾನಲ್ಲಿ ಸುತ್ತು ಹಾಕ್ತಿದ್ದೆ, ನೀನಿಲ್ಲಿ ಮಾತ್ರೆ ನುಂಗ್ತಿದ್ದೆ.”

“ಹೂಂ, ಅತ್ತೆ.”

“ರಾಯರಿಗೆ ಎಷ್ಟು ಗೊಂದಲ ಆಗಿರ್ಬೇಕು.”

ಯಾರೂ ನಗಲಿಲ್ಲ.

“ನಂಗೆ ಹೇಳಿದ್ರೆ ನಾನೇನು ನಿನ್ನ ತಿಂದ್ಬಿಡ್ತಿದ್ನಾ?”

“ತಿಂತಿರ್ಲಿಲ್ಲ. ಮಾತ್ರೆ ನಿಲ್ಲಿಸಿದ್ಯೇನೇ, ನಿಲ್ಲಿಸಿದ್ಯೇನೇ ಅಂತ ದಿನಾ ಕೇಳ್ತಿದ್ರಿ.”

“ಕೇಳ್ತಿದ್ದೆ,” ಎಂದಳು ನನ್ನ ಹೆಂಡತಿ. ಮಣಿಕಟ್ಟಿನಿಂದ ಕಣ್ಣು ಒರೆಸಿಕೊಂಡಿದ್ದು ಬಾಗಿಲ ಸಂದಿಯಲ್ಲಿ ಕಂಡಿತು. “ನಿಂಗೇನಾದ್ರೂ ಆಗಿದ್ದಿದ್ರೆ ಯಾವ ಮೊಮ್ಮಗು, ಯಾವ ಸುತ್ತು. ಓದು ಮುಗೀಲಿ. ಆಮೇಲೆ ಕೇಳ್ತೀನಿ. ಆಗ ಮಾತ್ರ ಬಿಡಲ್ಲ.”

ಊಟವಾಯಿತು. ಮಾತ್ರೆಯ ಹೊತ್ತು ಎಂಟೂವರೆ ಎಂದು ಮೂವರೂ ಸೇರಿ ಗೊತ್ತು ಮಾಡಿದೆವು. ಸೊಸೆ ಹೊಸ ಸ್ಟ್ರಿಪ್ಪಿನ ಮೊದಲ ಮಾತ್ರೆಯನ್ನು ಒತ್ತಿ ತೆಗೆದಳು. ನೀರಿನ ಲೋಟ ತಂದು ಕೊಟ್ಟಿದ್ದು ಅತ್ತೆ. ಆಮೇಲೆ ಸೊಸೆ ಹುಬ್ಬಳ್ಳಿಗೆ ಫೋನ್ ಮಾಡಿ, ಬೆಳಗಿನಿಂದ ಆದದ್ದನ್ನೆಲ್ಲ ಗಂಡನಿಗೆ ಹೇಳುತ್ತಾ ಕೋಣೆಗೆ ಹೋದಳು. ಹೆಂಡತಿ ಲೋಟ ತೊಳೆದು ಬೋರಲು ಹಾಕಿದಳು.